ಬಿಟ್ಟ ಬಾಣದ ಹಿಂದೆ

ಆಡಿದ ಮಾತು, ಬಿಟ್ಟ ಬಾಣ ಹಿಂದಕ್ಕೆ ಬಾರವು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆಡಿದ ಮಾತಿನ ಪರಿಣಾಮ ಎಂಥದೆಂಬುದು ಪ್ರತಿಯೊಂದು ಕುಟುಂಬಕ್ಕೂ ಅನುಭವದಿಂದ ತಿಳಿದಿರುತ್ತದೆ. ಆದರೆ ಬಿಟ್ಟ ಬಾಣದ ಅನುಭವ ನಮ್ಮಲ್ಲಿ ಎಷ್ಟು ಮಂದಿಗಿದೆ? ಬಿಲ್ಲು ಎಂಬುದು ಇಂದು ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬೇಟೆಗೆ ಹೊರಟ ಮದನಿಕೆಯ ಕೈಯಲ್ಲಿ, ಇಲ್ಲವೇ ಒಲಿಂಪಿಕ್ಸ್ ಕ್ರೀಡೆಗಳ ಪ್ರಸಾರದಲ್ಲಿ ನಾವು ಕಾಣುವ ವಸ್ತುವಾಗಿ ಉಳಿದಿದೆ. ಹೀಗಾಗಿ ಗಾದೆಯ ಮೊದಲರ್ಧ ನಮಗೆ ಜೀವಂತವಾಗಿದ್ದು, ಉಳಿದರ್ಧ ಬರಿಯ ಅಲಂಕಾರವಾಗಿದೆ.

ಪವಿತ್ರ ಗ್ರಂಥದ ಹೀಬ್ರೂ ಭಾಷೆಯಲ್ಲಿ ‘ಪಾಪ ಮಾಡು’ ಎಂಬರ್ಥದ ಕ್ರಿಯಾಪದಕ್ಕೆ ‘ಗುರಿ ತಪ್ಪು’ ಎಂಬ ಅರ್ಥವೂ ಇದೆಯೆಂದು ಗುರುಗಳ ಪ್ರಬೋಧನೆಗಳಲ್ಲಿ ನಾವು ಹಲವು ಬಾರಿ ಕೇಳಿದ್ದೇವೆ. ನ್ಯಾಯಸ್ಥಾಪಕರ ಗ್ರಂಥದ ಇಪ್ಪತ್ತನೆಯ ಅಧ್ಯಾಯದಲ್ಲಿ ಬೆನ್ಯಾಮೀನ್ ಕುಲದ ಎಡಚ ಕವಣೆಗಾರರು ಕೂದಲೆಳೆಯಷ್ಟೂ ಗುರಿ ತಪ್ಪುತ್ತಿರಲಿಲ್ಲವೆಂದು ಹೇಳುವಲ್ಲಿ ಬಂದಿರುವುದೂ ಅದೇ ಕ್ರಿಯಾಪದ. ಈ ಮಾತನ್ನು ನಾನು ಬಾಲ್ಯದಿಂದ ಕೇಳುತ್ತಾ ಬಂದವನಾದರೂ ಅದರ ತೂಕ ನನಗೆ ತಿಳಿದದ್ದು ತೀರ ಈಚೆಗೆ, ಅದೂ ನಮ್ಮ ಮಲೆನಾಡಿನಲ್ಲಲ್ಲ. ಸಾವಿರಾರು ಮೈಲಿ ದೂರದ ಒಂದು ಮರುಭೂಮಿಯಲ್ಲಿ, ನನ್ನ ಹಿರಿಯ ಮಗ ಬಿಲ್ಲು ಹಿಡಿದು ಜಿಂಕೆಯ ಬೇಟೆ ಕಲಿಯಲು ತೊಡಗಿದಾಗ.

ನಮ್ಮದು ಸಕಲೇಶಪುರದಿಂದ ಶಿರಾಡಿ ಘಾಟಿಗೆ ಇಳಿಯುವ ಹಾದಿಯ ಮಾರನಹಳ್ಳಿ. ನನ್ನ ಅಜ್ಜ ಘಟ್ಟದ ಕೆಳಗಿನಿಂದ ಬಂದು ಇಲ್ಲಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದವರು. ತಂದೆಯವರು ಐದು ಎಕರೆ ತೋಟ ಮಾಡಿದರು. ಆ ಕಾಲದ ಮಲೆನಾಡಿನಲ್ಲಿ ತೋಟವೆಂದರೆ ಕೋವಿಯೂ ಇರಲೇಬೇಕು. ಮಂಜರಾಬಾದಿನ ಬ್ರಿಟಿಷ್ ಕಾಫಿ ಬೆಳೆಗಾರರಾಗಿದ್ದ ರಾಬರ್ಟ್ ಎಲಿಯಟ್ ಎಂಬವರು 1894ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲಿಯೇ ಮೈಸೂರಿನ ಚಿನ್ನ, ಬೇಟೆ, ಕಾಫಿ ಕೃಷಿ ಈ ಮೂರೂ ಒಟ್ಟಿಗೆ ಸೇರಿವೆ. ದೊರೆಗಳಿಗೆ ಅದು ವಿನೋದ. ನಮ್ಮಂಥವರಿಗೆ ಬೆಳೆಯ ರಕ್ಷಣೆ ಮತ್ತು ಹಬ್ಬದ ಊಟ. ಹಳು ಸೋಯುವವರು ಒಂದು ಕಡೆಯಿಂದ ಕೂಗುತ್ತಾ ಬರುವರು. ಕೋವಿ ಹಿಡಿದವರು ಮಿಗ ಹಾಯುವ ದಾರಿಯಲ್ಲಿ ಕಾದು ಕುಳಿತಿರುವರು. ಹಾಗೆ ಕಾಯುವ ಜಾಗಕ್ಕೆ ತಂದೆಯವರು ‘ಬಿಲ್ಲು’ ಎನ್ನುತ್ತಿದ್ದರು. ಕೈಯಲ್ಲಿ ಕೋವಿ ಬಂದರೂ ಬಾಯಲ್ಲಿ ಬಿಲ್ಲು ಉಳಿದಿತ್ತು. ಹೊಡೆದ ಕಡವೆಯೋ ಕಾಡುಹಂದಿಯೋ ಊರಿಗೆ ಬಂದರೆ ಈಡು ಹೊಡೆದವನಿಗೊಂದು ಪಾಲು, ಹಳು ಸೋಯ್ದವರಿಗೊಂದು ಪಾಲು, ನಾಯಿಗಳಿಗೂ ಪಾಲು. ವಿಧವೆಯೊಬ್ಬಳ ಮನೆ ಆ ದಾರಿಯಲ್ಲಿದ್ದರೆ ಅಲ್ಲಿಗೂ ಒಂದು ಪಾಲು ತಪ್ಪದೆ ಸಲ್ಲುತ್ತಿತ್ತು.

ತಂದೆಯವರ ಒಂದು ಬೇಟೆ ನನ್ನ ನೆನಪಿನಲ್ಲಿ ಅಚ್ಚಳಿಯದೆ ನಿಂತಿದೆ. ನನಗಾಗ ಹತ್ತು ವರ್ಷ. ಒಂದು ಸಂಜೆ ಅವರ ಈಡು ತಗುಲಿದ ಕಡವೆಯೊಂದು ಬೀಳದೆ ಶೋಲೆ ಕಾಡಿನ ಕಡೆಗೆ ಓಡಿತು. ಕತ್ತಲಾಯಿತು, ಮಳೆಯೂ ಹಿಡಿಯಿತು. ಜೊತೆಯವರೆಲ್ಲ ಮನೆಗೆ ಮರಳಿದರು. ತಂದೆಯವರು ಮರುದಿನ ಬೆಳಗಿನ ಜಾವಕ್ಕೆ ಎದ್ದು ಒಬ್ಬರೇ ಹೊರಟರು. ಅಂದು ಭಾನುವಾರ, ಬಲಿಪೂಜೆಗೂ ಅವರು ಬರಲಿಲ್ಲ. ಅವರು ಮನೆಗೆ ಬಂದದ್ದು ಅದರ ಮರುದಿನ ಮಧ್ಯಾಹ್ನ, ಜಿಗಣೆ ಕಚ್ಚಿದ ಕಾಲುಗಳಲ್ಲಿ ರಕ್ತ ಸುರಿಸುತ್ತಾ. ಕಡವೆಯನ್ನು ಸೀಳುನಾಯಿಗಳು ತಿಂದು ಮುಗಿಸಿದ್ದವು. ಏನೂ ಸಿಗಲಿಲ್ಲವಲ್ಲ, ಎರಡು ದಿನ ಯಾಕೆ ಅಲೆದಿರಿ ಎಂದು ತಾಯಿ ಕೇಳಿದರು. ತಂದೆಯವರು ಹೇಳಿದ್ದು ಇಷ್ಟೆ: “ಹೊಡೆದವನು ನಾನು. ಅದು ಎಲ್ಲಿ ಬಿತ್ತು ಅಂತ ನೋಡಬೇಕಾದವನೂ ನಾನೇ.”

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಮೊದಲಿಗೆ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ನೀಡುವ ಅವಕಾಶ ಅದರಲ್ಲಿತ್ತು; 1991ರ ತಿದ್ದುಪಡಿಯ ನಂತರ ಆ ಬಾಗಿಲೂ ಮುಚ್ಚಿತು. ಆ ಕಾಯಿದೆಯ ಪ್ರಕಾರ ಕೊಲ್ಲುವುದು ಮಾತ್ರವಲ್ಲ, ಉರುಳು ಹಾಕಿ ಹಿಡಿಯುವುದೂ ಬೇಟೆಯೇ. ತಂದೆಯವರು ಗೊಣಗಲಿಲ್ಲ. ಕಾಡು ಸಣ್ಣದಾಗುತ್ತಿರುವುದನ್ನು ಅವರು ಕಣ್ಣಾರೆ ಕಂಡಿದ್ದರು. ಅವರ ಮರಣಾನಂತರ ಕೋವಿಯನ್ನೂ ಪರವಾನಗಿಯನ್ನೂ ನಾವು ಸರ್ಕಾರಕ್ಕೆ ಒಪ್ಪಿಸಿದೆವು. ನಮ್ಮ ಮನೆತನದ ಬೇಟೆ ಅಲ್ಲಿಗೆ ಮುಗಿಯಿತೆಂದೇ ನಾನು ತಿಳಿದಿದ್ದೆ.

ಮಗ ಇರುವುದು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ. 2021ರಲ್ಲಿ ಒಂದು ದಿನ ದೂರವಾಣಿಯಲ್ಲಿ ಮಾತನಾಡುತ್ತಾ, “ಅಪ್ಪ, ನಾನು ಬಿಲ್ಲು ಕಲಿಯುತ್ತಿದ್ದೇನೆ, ಜಿಂಕೆಯ ಬೇಟೆಗೆ,” ಎಂದ. ನನಗೆ ಸಮಾಧಾನವಾಗಲಿಲ್ಲ. ಸಂಬಳಕ್ಕೆ ಕೊರತೆಯಿಲ್ಲ, ಅಂಗಡಿಯಲ್ಲಿ ಮಾಂಸಕ್ಕೂ ಕೊರತೆಯಿಲ್ಲ. ಹೊಟ್ಟೆಗಾಗಿ ಅಲ್ಲದ ಬೇಟೆ ವಿನೋದವಲ್ಲದೆ ಮತ್ತೇನು? ಇದನ್ನೇ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಉತ್ತರಿಸಿದ: “ಮಗಳು ಅಂಗಡಿಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಮಾಂಸ ನೋಡಿ, ಇದನ್ನು ಯಾವ ಕಾರ್ಖಾನೆಯಲ್ಲಿ ಮಾಡುತ್ತಾರೆ ಅಂತ ಕೇಳಿದಳು. ನಾನು ಮೂವತ್ತಾರು ವರ್ಷದಿಂದ ಮಾಂಸ ತಿನ್ನುತ್ತಿದ್ದೇನೆ. ಅಜ್ಜನಿಗೆ ಗೊತ್ತಿದ್ದದ್ದು ನನಗೆ ಗೊತ್ತಿಲ್ಲ. ತಿನ್ನುವುದಾದರೆ ಒಮ್ಮೆಯಾದರೂ ಗೊತ್ತಿರಲಿ, ಇಲ್ಲವಾದರೆ ಬಿಡುತ್ತೇನೆ.”

ಅವನ ಮಾತನ್ನು ನಾನು ಒಪ್ಪಲಿಲ್ಲ, ತಳ್ಳಿಹಾಕಲೂ ಆಗಲಿಲ್ಲ. ಆ ರಾತ್ರಿ ಆದಿಕಾಂಡವನ್ನು ತೆರೆದು ಕುಳಿತೆ. ಹಾಗರಳ ಮಗ ಇಷ್ಮಾಯೇಲನು ಮರುಭೂಮಿಯಲ್ಲಿ ಬೆಳೆದು ಬಿಲ್ಲುಗಾರನಾದನೆಂದು 21ನೆಯ ಅಧ್ಯಾಯ ಹೇಳುತ್ತದೆ; ದೇವರು ಅವನೊಂದಿಗಿದ್ದರೆಂದೂ ಅಲ್ಲಿಯೇ ಇದೆ. 27ನೆಯ ಅಧ್ಯಾಯದಲ್ಲಿ ಮುಪ್ಪಿನ ಇಸಾಕನು ಬಿಲ್ಲು ಬತ್ತಳಿಕೆಗಳನ್ನು ತೆಗೆದುಕೊಂಡು ಬೇಟೆಯ ಮಾಂಸ ತರಲು ಏಸಾವನಿಗೆ ಹೇಳುತ್ತಾನೆ. ಏಸಾವನು ಕಾಡಿನಲ್ಲಿ ಶ್ರಮಪಡುತ್ತಿದ್ದಾಗ ಯಕೋಬನು ಮನೆಯ ಹಿಂಡಿನ ಮೇಕೆಮರಿಗಳ ಮಾಂಸದಿಂದಲೇ ಆಶೀರ್ವಾದವನ್ನು ದಕ್ಕಿಸಿಕೊಳ್ಳುತ್ತಾನೆ. ಆ ಕಥೆಯಲ್ಲಿ ವಂಚಿಸಿದವನು ಬೇಟೆಗಾರನಲ್ಲ ಎಂಬುದನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ. ಧರ್ಮೋಪದೇಶಕಾಂಡವು ತಿನ್ನಬಹುದಾದ ಪ್ರಾಣಿಗಳಲ್ಲಿ ಜಿಂಕೆಯನ್ನೂ ಎಣಿಸುತ್ತದೆ. ಯಾಜಕಕಾಂಡದ 17ನೆಯ ಅಧ್ಯಾಯವಾದರೋ, ಬೇಟೆಯಾಡಿದವನು ಆ ಪ್ರಾಣಿಯ ರಕ್ತವನ್ನು ನೆಲಕ್ಕೆ ಸುರಿದು ಮಣ್ಣಿನಿಂದ ಮುಚ್ಚಬೇಕೆಂದು ವಿಧಿಸುತ್ತದೆ. ಜೀವ ರಕ್ತದಲ್ಲಿದೆ, ಅದು ತಿನ್ನುವವನದಲ್ಲ, ಕೊಟ್ಟಾತನದು. ಅನುಮತಿಯ ಪಕ್ಕದಲ್ಲೇ ಮಿತಿಯೂ ಇರುವುದನ್ನು ಕಂಡು ನಾನು ಗ್ರಂಥವನ್ನು ಮುಚ್ಚಿಟ್ಟೆ.

ಮಗನ ಕಲಿಕೆ ನಾನು ಊಹಿಸಿದಂತೆ ಸುಲಭವಾಗಿರಲಿಲ್ಲ. ಈಗಿನ ಬೇಟೆಯ ಬಿಲ್ಲಿನ ತುದಿಗಳಲ್ಲಿ ರಾಟೆಗಳಿರುತ್ತವೆ. ಹೆದೆಯನ್ನು ಪೂರ್ತಿ ಎಳೆದ ಬಳಿಕ ಭಾರದ ಬಹುಪಾಲನ್ನು ಬಿಲ್ಲೇ ಹೊರುವುದರಿಂದ ಗುರಿ ಹಿಡಿದು ನಿಲ್ಲಲು ಕೆಲವು ಕ್ಷಣಗಳ ಬಿಡುವು ಸಿಗುತ್ತದೆ. ಆ ರಾಜ್ಯದ ನಿಯಮದಂತೆ ಬೇಟೆಯ ಬಿಲ್ಲಿನ ಎಳೆತ 30 ಪೌಂಡಿಗೆ, ಅಂದರೆ ಸುಮಾರು ಹದಿಮೂರೂವರೆ ಕಿಲೋಗೆ ಕಡಿಮೆಯಿರಕೂಡದು. ಬಾಣದ ಅಲಗು ಒಂದು ಅಂಗುಲದ ಎಂಟರಲ್ಲಿ ಏಳು ಪಾಲಿಗಿಂತ ಕಿರಿದಾಗಿರಕೂಡದು. ಕಾರಣ ಸ್ಪಷ್ಟ. ಗುಂಡಿನಂತೆ ಬಾಣ ಆಘಾತದಿಂದ ಕೊಲ್ಲುವುದಿಲ್ಲ. ರಕ್ತನಾಳಗಳನ್ನು ಕತ್ತರಿಸಿ ಕೊಲ್ಲುತ್ತದೆ. ಅಲಗು ಹರಿತವಾಗಿದ್ದು ಶ್ವಾಸಕೋಶ ಅಥವಾ ಹೃದಯಕ್ಕೆ ತಗುಲಿದರೆ ಪ್ರಾಣಿ ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ನಾಲ್ಕು ಅಂಗುಲ ಹಿಂದೆ ಬಿದ್ದರೆ ಗಂಟೆಗಟ್ಟಲೆ ನರಳುತ್ತದೆ.

ಅವನಿಗೆ ಕಲಿಸಿದವರು ಒಬ್ಬ ವೃದ್ಧರು. ಅವರು ಮೊದಲ ತಿಂಗಳು ಪೂರ್ತಿ ಗುರಿಯ ಹಲಗೆಯ ಮುಂದೆ ಐದೇ ಹೆಜ್ಜೆ ದೂರದಲ್ಲಿ ಅವನನ್ನು ನಿಲ್ಲಿಸಿದರಂತೆ. ಗುರಿಯ ಚಿಂತೆ ಬೇಡ. ಪಾದ ಹೇಗೆ ನಿಂತಿದೆ, ಕೈ ಪ್ರತಿಸಲವೂ ದವಡೆಯ ಅದೇ ಜಾಗಕ್ಕೆ ಬರುತ್ತಿದೆಯೇ, ಬಾಣ ಬಿಟ್ಟ ಮೇಲೂ ದೇಹ ಅಲುಗದೆ ಇದೆಯೇ, ಇಷ್ಟನ್ನೇ ನೋಡಬೇಕು. ಬಾಣ ಬಿಟ್ಟೊಡನೆ ಅದು ಎಲ್ಲಿ ಬಿತ್ತೆಂದು ಇಣುಕುವ ಆತುರದಿಂದಲೇ ಹೊಸಬರ ಬಾಣಗಳು ಗುರಿ ತಪ್ಪುತ್ತವೆಯಂತೆ. ಆಮೇಲೆ ಹತ್ತು ಗಜ, ಇಪ್ಪತ್ತು ಗಜ. ಅವರು ಹಾಕಿಕೊಟ್ಟ ಕಟ್ಟುಪಾಡು ಸರಳವಾದುದು: ಊಟದ ಕಾಗದದ ತಟ್ಟೆಯೊಂದನ್ನು ಗುರಿಯಾಗಿ ಅಂಟಿಸು, ಆ ದಿನದ ಮೊದಲ ಬಾಣ, ಮೈ ಬಿಸಿಯಾಗುವ ಮುಂಚಿನ ಬಾಣ, ಯಾವ ದೂರದಿಂದ ಪ್ರತಿದಿನವೂ ತಟ್ಟೆಯೊಳಗೆ ಬೀಳುತ್ತದೆಯೋ ಅದೇ ನಿನ್ನ ಬೇಟೆಯ ದೂರ. ಎರಡನೆಯ ಬಾಣ ಲೆಕ್ಕಕ್ಕಿಲ್ಲ. ಏಕೆಂದರೆ ಜಿಂಕೆ ಎರಡನೆಯ ಬಾಣಕ್ಕಾಗಿ ಕಾಯುವುದಿಲ್ಲ. ಒಂದು ವರ್ಷದ ಅಭ್ಯಾಸದ ಬಳಿಕ ಮಗನ ದೂರ ಮೂವತ್ತು ಗಜಕ್ಕೆ ನಿಂತಿತು.

ಬಿಲ್ಲಿನ ಈ ವಿದ್ಯೆ ಅಲ್ಲಿನ ಬಿಳಿಯರಿಗೆ ಮರಳಿ ದೊರೆತ ಕಥೆಯನ್ನೂ ಅವನು ನನಗೆ ಹೇಳಿದ. ಕ್ಯಾಲಿಫೋರ್ನಿಯಾದ ಯಾಹಿ ಎಂಬ ಮೂಲನಿವಾಸಿ ಜನಾಂಗವು ವಲಸೆಗಾರರ ಕೈಯಲ್ಲಿ ಅಳಿದುಹೋಯಿತು. ಅದರ ಕೊನೆಯ ಒಬ್ಬ ವ್ಯಕ್ತಿ 1911ರಲ್ಲಿ ಹಸಿವಿನಿಂದ ಬಳಲಿ ಒರೊವಿಲ್ ಎಂಬ ಪಟ್ಟಣದ ಬಳಿ ಹೊರಬಂದ. ಜನ ಅವನನ್ನು ಇಶಿ ಎಂದು ಕರೆದರು; ಅವನ ಭಾಷೆಯಲ್ಲಿ ಆ ಪದದ ಅರ್ಥ ‘ಮನುಷ್ಯ’ ಎಂದಷ್ಟೆ. ಸ್ಯಾನ್‌ಫ್ರಾನ್ಸಿಸ್ಕೊದ ವೈದ್ಯರಾದ ಸ್ಯಾಕ್ಸ್‌ಟನ್ ಪೋಪ್ ಎಂಬವರು ಅವನಿಗೆ ಚಿಕಿತ್ಸೆ ಮಾಡುತ್ತಾ ಅವನಿಂದಲೇ ಬಿಲ್ಲುವಿದ್ಯೆ ಕಲಿತರು. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. 1923ರಲ್ಲಿ ಪೋಪ್ ಬರೆದ ಪುಸ್ತಕದಿಂದ ಆ ದೇಶದಲ್ಲಿ ಬಿಲ್ಲಿನ ಬೇಟೆಗೆ ಹೊಸ ಆಸಕ್ತಿ ಹುಟ್ಟಿತು. ತನ್ನ ಜನರನ್ನೆಲ್ಲ ಕಳೆದುಕೊಂಡವನು ತನಗೆ ತಿಳಿದದ್ದನ್ನು ಕಳೆದವರ ಮಕ್ಕಳಿಗೇ ಕಲಿಸಿ ಹೋದನೆಂಬುದು ನನ್ನನ್ನು ಬಹಳ ಕಾಡಿತು. ಕ್ಷಮೆಯೆಂಬ ಮಾತನ್ನು ಬಳಸಲು ನನಗೆ ಅಧಿಕಾರವಿಲ್ಲ. ಆದರೂ ಅದಕ್ಕೆ ಬೇರೆ ಹೆಸರು ತೋರದು.

ನಮ್ಮ ಕಾಯಿದೆ ಬಂದ ಅದೇ 1972ರಲ್ಲಿ ಅಮೆರಿಕದವರು ತಮ್ಮ 1937ರ ಕಾನೂನೊಂದನ್ನು ತಿದ್ದಿ ಬಿಲ್ಲುಬಾಣಗಳ ಮೇಲೂ ತೆರಿಗೆ ಹಾಕಿದರು. ಬಂದೂಕು, ಮದ್ದುಗುಂಡು, ಬಿಲ್ಲುಬಾಣಗಳ ಮೇಲಿನ ಆ ತೆರಿಗೆಯ ಹಣ ವನ್ಯಜೀವಿಗಳ ಸಂರಕ್ಷಣೆಗೆಂದು ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಒಂದು ದೇಶ ಬೇಟೆಗಾರನಿಂದ ಕಾಡನ್ನು ಕಾಯಿತು, ಇನ್ನೊಂದು ಬೇಟೆಗಾರನ ಹಣದಿಂದ ಕಾಯಿತು. ನೂರು ಕೋಟಿಗೂ ಮೀರಿದ ಜನರಿರುವ ನಮ್ಮ ನಾಡಿಗೆ ಅವರ ದಾರಿ ಹೊಂದುವುದಿಲ್ಲವೆಂದೇ ನನ್ನ ಭಾವನೆ.

2022ರ ಡಿಸೆಂಬರಿನಲ್ಲಿ ನಾನೂ ನನ್ನ ಪತ್ನಿಯೂ ಟೂಸಾನಿಗೆ ಹೋದೆವು. ಮರುಭೂಮಿಯೆಂದರೆ ಬರಿಯ ಮರಳೆಂದು ತಿಳಿದಿದ್ದ ನನಗೆ ಸೊನೊರಾ ಮರುಭೂಮಿ ಅಚ್ಚರಿ ತಂದಿತು. ಅಲ್ಲಿ ಬೆಟ್ಟಗಳಿವೆ, ಒಣ ಹಳ್ಳಗಳಿವೆ. ನಾಲ್ಕಾಳೆತ್ತರದ ಸವಾರೊ ಎಂಬ ಕಂಬಕಳ್ಳಿ, ಮೆಸ್ಕೀಟ್ ಎಂಬ ಜಾಲಿಯಂಥ ಮರ, ತೊಗಟೆಯೇ ಹಸಿರಾಗಿರುವ ಪಾಲೊವರ್ದೆ ಮರ ಎಲ್ಲೆಲ್ಲೂ ಕಾಣುತ್ತವೆ. ವರ್ಷಕ್ಕೆ ಸುಮಾರು 300 ಮಿಲಿಮೀಟರು ಮಳೆ. ನಮ್ಮಲ್ಲಿ ಆಷಾಢದ ಒಂದೆರಡು ವಾರಗಳಲ್ಲಿಯೇ ಅಷ್ಟು ಸುರಿದುಬಿಡುತ್ತದೆ. ಹೇಸರಗತ್ತೆಯಂಥ ಅಗಲ ಕಿವಿಗಳುಳ್ಳ ಅಲ್ಲಿನ ಜಿಂಕೆ ನಮ್ಮ ಕಡವೆಗಿಂತ ಸಣ್ಣದು, ಬಣ್ಣದಲ್ಲಿ ಕಲ್ಲಿನಂತೆ ಬೂದು. ಮಲಗಿತೆಂದರೆ ಕಲ್ಲು ಯಾವುದು, ಜಿಂಕೆ ಯಾವುದೆಂದು ತಿಳಿಯದು. ಬಿಲ್ಲಿನ ಬೇಟೆಗೆ ಅಲ್ಲಿ ಜನವರಿ ತಿಂಗಳು ತೆರೆದಿರುತ್ತದೆ. ಪರವಾನಗಿಯೊಂದಿಗೆ ಒಂದು ಚೀಟಿ ಕೊಳ್ಳಬೇಕು. ವರ್ಷಕ್ಕೆ ಒಬ್ಬನಿಗೆ ಒಂದೇ ಜಿಂಕೆ. ಪ್ರಾಣಿಗಳ ಓಡಾಟ ತಿಳಿಯಲು ಮರಕ್ಕೆ ಕ್ಯಾಮೆರಾ ಕಟ್ಟಿ ಬೇಟೆಯಾಡುವುದನ್ನು ಆ ರಾಜ್ಯ 2022ರಿಂದ ನಿಷೇಧಿಸಿದೆ. ನೀರು ಅಪರೂಪವಾದ ಸೀಮೆಯಲ್ಲಿ ಪ್ರತಿ ನೀರಗುಂಡಿಯ ಬಳಿಯೂ ಯಂತ್ರದ ಕಣ್ಣಿಟ್ಟರೆ ಪ್ರಾಣಿಗೆ ಉಳಿಗಾಲವೆಲ್ಲಿ?

ಹಿಂದಿನ ವರ್ಷ ಮಗ ಹನ್ನೊಂದು ದಿನ ಅಲೆದು ಬರಿಗೈಯಲ್ಲಿ ಮರಳಿದ್ದ. ಒಮ್ಮೆ ನಲವತ್ತು ಗಜದಲ್ಲಿ ಜಿಂಕೆ ಅಡ್ಡಲಾಗಿ ನಿಂತಿತ್ತಂತೆ. ಅವನು ಬಿಲ್ಲು ಎತ್ತಲಿಲ್ಲ. ಅದನ್ನು ಹೇಳುವಾಗ ಅವನ ದನಿಯಲ್ಲಿ ಹೊಗಳಿಕೆಯ ನಿರೀಕ್ಷೆಯಿರಲಿಲ್ಲ. ನನಗೆ ಆಗ ಅವನಲ್ಲಿ ನನ್ನ ತಂದೆಯವರು ಕಂಡರು.

ಜನವರಿಯ ಎರಡನೆಯ ವಾರ ನಾನೂ ಅವನೊಂದಿಗೆ ಹೋದೆ. ಬೆಳಕು ಹರಿಯುವ ಮೊದಲೇ ಒಂದು ದಿಣ್ಣೆ ಹತ್ತಿ ದುರ್ಬೀನಿನಲ್ಲಿ ಎದುರಿನ ಇಳಿಜಾರನ್ನು ನೋಡುತ್ತಾ ಕುಳಿತೆವು. ಮುಂಜಾನೆಯ ತಂಗಾಳಿ ಬೆಟ್ಟದಿಂದ ಕೆಳಗಿಳಿಯುತ್ತದೆ. ಬಿಸಿಲೇರಿದ ಮೇಲೆ ಮೇಲಕ್ಕೇರುತ್ತದೆ. ನಮ್ಮ ಘಟ್ಟದಲ್ಲೂ ಹಾಗೆಯೇ. ಇದನ್ನು ತಿಳಿಯದವನ ವಾಸನೆ ಅವನಿಗಿಂತ ಮುಂಚೆ ಜಿಂಕೆಯನ್ನು ಮುಟ್ಟುತ್ತದೆ. ಎಂಟು ಗಂಟೆಯ ಸುಮಾರಿಗೆ ಮೆಸ್ಕೀಟ್ ಮರದಡಿ ಒಂದು ಗಂಡು ಜಿಂಕೆ ಮಲಗಿದ್ದು ಕಂಡಿತು. ಗಾಳಿ ತಿರುಗುವವರೆಗೂ ಕಾದು ಮಗ ಸುತ್ತುಬಳಸಿ ಹೊರಟ. ಕೊನೆಯ ನೂರು ಗಜ ಬೂಟು ಬಿಚ್ಚಿ ಕಾಲುಚೀಲದಲ್ಲಿ ಕಳ್ಳಿಮುಳ್ಳುಗಳ ನಡುವೆ ತೆವಳಿದ. ಅಷ್ಟು ದೂರ ಕ್ರಮಿಸಲು ಅವನಿಗೆ ಒಂದೂಕಾಲು ಗಂಟೆ ಹಿಡಿಯಿತು. ನಾನು ದಿಣ್ಣೆಯ ಮೇಲೆ ದುರ್ಬೀನು ಹಿಡಿದು ಕುಳಿತಿದ್ದೆ. ಜಿಂಕೆ ಎದ್ದು ಓಡಿಹೋಗಲಿ ಎಂದು ಬೇಡಿಕೊಂಡೆನೋ, ಮಗನ ಶ್ರಮ ಫಲಿಸಲಿ ಎಂದು ಬೇಡಿಕೊಂಡೆನೋ, ಈಗಲೂ ಹೇಳಲಾರೆ.

ಜಿಂಕೆ ತಾನಾಗಿ ಎದ್ದು ಮೈಮುರಿಯಿತು. ಇಪ್ಪತ್ತೈದು ಗಜ. ಮಗ ಬಾಣ ಬಿಟ್ಟ. ಅಷ್ಟು ದೂರ ಸಾಗಲು ಬಾಣಕ್ಕೆ ಒಂದು ಸೆಕೆಂಡಿನ ಮೂರನೆಯ ಒಂದು ಪಾಲು ಕೂಡ ಬೇಡ. ಆದರೆ ಹೆದೆಯ ಸದ್ದು ಬಾಣಕ್ಕಿಂತ ನಾಲ್ಕು ಪಟ್ಟು ವೇಗವಾಗಿ ಹೋಗಿ ಜಿಂಕೆಯ ಕಿವಿ ಮುಟ್ಟುತ್ತದೆ. ಸದ್ದಿಗೆ ಬೆಚ್ಚಿದ ಜಿಂಕೆ ಒಂದು ಹೆಜ್ಜೆ ಮುಂದೆ ಹಾರಿತು. ಬಾಣ ಪಕ್ಕೆಯ ಹಿಂಭಾಗಕ್ಕೆ ಬಿತ್ತು. ಎರಡು ವರ್ಷದ ಅಭ್ಯಾಸ, ಸರಿಯಾದ ದೂರ, ಸರಿಯಾದ ಗಾಳಿ ಎಲ್ಲವೂ ಇದ್ದು ನಾಲ್ಕು ಅಂಗುಲ ತಪ್ಪಿತು.

ಅವನು ಓಡಲಿಲ್ಲ. ಬಾಣವನ್ನು ಹುಡುಕಿ ತಂದು ನನಗೆ ತೋರಿಸಿದ. ರಕ್ತ ಕಡುಗೆಂಪಾಗಿತ್ತು. ಶ್ವಾಸಕೋಶದ್ದಾದರೆ ತಿಳಿಗೆಂಪಾಗಿ ನೊರೆ ಇರುತ್ತದೆ, ಇದು ಯಕೃತ್ತಿನದು. “ನಾಲ್ಕು ಗಂಟೆ ಕಾಯಬೇಕು ಅಪ್ಪ. ಈಗ ಹಿಂದೆ ಹೋದರೆ ಅದು ಹೆದರಿ ಓಡುತ್ತದೆ, ಸಿಗುವುದೇ ಇಲ್ಲ,” ಎಂದ. ತಂದೆಯವರೂ ಗಾಯಗೊಂಡ ಮಿಗವನ್ನು ಕೂಡಲೇ ಅಟ್ಟಬಾರದೆನ್ನುತ್ತಿದ್ದರು. ಆ ನಾಲ್ಕು ಗಂಟೆಗಳ ಕಾಲ ನಾವಿಬ್ಬರೂ ಒಂದು ಬಂಡೆಯ ನೆರಳಿನಲ್ಲಿ ಕುಳಿತಿದ್ದೆವು. ಅವನು ಊಟ ಮುಟ್ಟಲಿಲ್ಲ. ನಾನು ಜಪಸರ ತೆಗೆದೆ. ನಡುವೆ ಒಮ್ಮೆ ಅವನು ಕೇಳಿದ: “ಅಜ್ಜ ಆ ಕಡವೆಯ ಹಿಂದೆ ಹೋದಾಗ ಏನು ಯೋಚಿಸುತ್ತಿದ್ದಿರಬಹುದು?” ನನ್ನಲ್ಲಿ ಉತ್ತರವಿರಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಜಾಡು ಹಿಡಿದೆವು. ರಕ್ತದ ಹನಿ ಕಂಡಲ್ಲೆಲ್ಲ ಅವನು ಬಿಳಿಯ ಕಾಗದದ ಚೂರೊಂದನ್ನು ಮುಳ್ಳಿಗೆ ಸಿಕ್ಕಿಸುತ್ತಾ ಹೋದ. ಇನ್ನೂರು ಗಜದ ಬಳಿಕ ರಕ್ತ ನಿಂತಿತು. ಬರಿಯ ಕಲ್ಲುನೆಲ. ಆಗ ನನ್ನ ಬಾಲ್ಯದ ಪಾಠ ಕೆಲಸಕ್ಕೆ ಬಂತು. ಮಗುಚಿಬಿದ್ದ ಕಲ್ಲಿನ ಕೆಳಮೈ ಬಣ್ಣದಲ್ಲಿ ಬೇರೆಯಿರುತ್ತದೆ. ಗಾಯಗೊಂಡ ಪ್ರಾಣಿ ಏರುವುದಕ್ಕಿಂತ ಹೆಚ್ಚಾಗಿ ಇಳಿಯುತ್ತದೆ ಎನ್ನುತ್ತಿದ್ದರು ತಂದೆಯವರು. ನಾನು ಮೊಣಕಾಲೂರಿ ಒಂದೊಂದೇ ಮಗುಚಿದ ಕಲ್ಲನ್ನು ತೋರಿಸುತ್ತಾ ಹೋದೆ. ಅವನು ಗುರುತು ಹಾಕುತ್ತಾ ಬಂದ. ಮೂರು ಗಂಟೆಗೆ ಒಣ ಹಳ್ಳವೊಂದರ ದಂಡೆಯ ಪಾಲೊವರ್ದೆ ಮರದ ಕೆಳಗೆ ಅದು ಸಿಕ್ಕಿತು. ಸತ್ತು ಬಹಳ ಹೊತ್ತಾಗಿತ್ತೋ ಇಲ್ಲವೋ ಎಂಬುದನ್ನು ತಿಳಿಯುವ ದಾರಿಯಿರಲಿಲ್ಲ. ಮಗ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಕುಳಿತ. ನಾವಿಬ್ಬರೂ ಪರಲೋಕ ಪ್ರಾರ್ಥನೆಯನ್ನು ಹೇಳಿದೆವು. ಮಾಂಸವನ್ನು ಕೊಯ್ದು ಚೀಲಗಳಿಗೆ ತುಂಬಿ ಹೊರಡುವ ಮುನ್ನ ಅವನು ಕೈಯಿಂದ ಮರಳು ಬಾಚಿ ರಕ್ತ ಬಿದ್ದ ಜಾಗವನ್ನು ಮುಚ್ಚಿದ. ಯಾಜಕಕಾಂಡದ ಮಾತನ್ನು ನಾನು ಅವನಿಗೆ ಹೇಳಿರಲಿಲ್ಲ. ಏಕೆ ಮುಚ್ಚಿದೆ ಎಂದು ಕೇಳಿದಾಗ, “ಹಾಗೆಯೇ ಬಿಟ್ಟು ಬರಲು ಮನಸ್ಸಾಗಲಿಲ್ಲ,” ಎಂದ.

ಆ ಮಾಂಸದಲ್ಲಿ ಅರ್ಧ ಅಕ್ಕಪಕ್ಕದವರಿಗೆ ಹೋಯಿತು. ಮೊಮ್ಮಗಳಿಗೆ ಅವನು ನಡೆದುದನ್ನೆಲ್ಲ, ತಪ್ಪಿದ ನಾಲ್ಕು ಅಂಗುಲವನ್ನೂ ಮರೆಮಾಚದೆ, ಹೇಳಿದ. ಅವಳು ಆ ರಾತ್ರಿ ಊಟ ಮಾಡಲಿಲ್ಲ. ಮರುದಿನ ತಾನಾಗಿಯೇ ಒಂದು ತುಂಡು ಕೇಳಿ ತಿಂದಳು. ಮರುವರ್ಷ ಮಗ ಬೇಟೆಗೆ ಹೋಗಲಿಲ್ಲ. ಅದರ ಮುಂದಿನ ವರ್ಷ ಹೋದವನು ಚೀಟಿಯನ್ನು ಬಳಸದೆ ಮರಳಿದ. ಮುಂದೆ ಏನು ಮಾಡುವನೋ ಅವನಿಗೆ ಬಿಟ್ಟದ್ದು. ಅವನು ಮಾಡಿದ್ದು ಸರಿಯೆಂದು ನಾನು ಇಲ್ಲಿ ವಾದಿಸುತ್ತಿಲ್ಲ. ಆ ಜಿಂಕೆಯ ಕೊನೆಯ ಗಂಟೆಗಳಿಗೆ ನನ್ನಲ್ಲಿ ಸಮಾಧಾನವಿಲ್ಲ. ಆದರೆ ತಾನು ಬಿಟ್ಟ ಬಾಣದ ಹಿಂದೆ ಅದು ಕೊನೆ ಮುಟ್ಟಿದಲ್ಲಿಯವರೆಗೂ ಅವನು ಹೋದ. ನಮ್ಮ ಮನೆತನದಿಂದ ಅವನಿಗೆ ಬಂದ ಆಸ್ತಿ ಅದೊಂದೇ ಎಂದು ತೋರುತ್ತದೆ.

ಊರಿಗೆ ಮರಳಿದ ಕೆಲವೇ ತಿಂಗಳುಗಳಲ್ಲಿ ನಮ್ಮ ತೋಟದ ಹಿಂಬದಿಯ ಬೇಲಿಸಾಲಿನಲ್ಲಿ ದುರ್ವಾಸನೆ ಬರತೊಡಗಿತು. ಹೋಗಿ ನೋಡಿದರೆ ಬೈಕಿನ ಬ್ರೇಕ್ ತಂತಿಯ ಉರುಳಿನಲ್ಲಿ ಒಂದು ಕಾಡುಕುರಿ ಸಿಕ್ಕಿ ಸತ್ತಿತ್ತು. ಸುತ್ತಲಿನ ನೆಲವನ್ನು ಅದು ಕಾಲಿನಿಂದ ಕೆರೆದು ಕೆರೆದು ಹಳ್ಳ ಮಾಡಿತ್ತು. ಉರುಳು ಇಟ್ಟವನು ಹಂದಿಗೆಂದು ಇಟ್ಟಿರಬಹುದು, ಇಟ್ಟು ಮರೆತಿರಬಹುದು, ಅರಣ್ಯ ಇಲಾಖೆಗೆ ಹೆದರಿ ಬಾರದಿರಲೂಬಹುದು. ತಂತಿಗೆ ಹಂದಿ ಯಾವುದು, ಕಾಡುಕುರಿ ಯಾವುದು, ಚಿರತೆ ಯಾವುದೆಂಬ ಭೇದವಿಲ್ಲ. ಬಿಲ್ಲು ಹಿಡಿದವನು ಆ ಜೀವದ ಎದುರು ಇಪ್ಪತ್ತೈದು ಗಜದಲ್ಲಿ ನಿಲ್ಲಲೇಬೇಕು. ಉರುಳು ಇಟ್ಟವನು ತನ್ನ ಮನೆಯಲ್ಲಿ ನಿದ್ರಿಸುತ್ತಿರುತ್ತಾನೆ. ಕೊಂದವನಿಗೆ ತಾನು ಕೊಂದೆನೆಂಬುದು ಕೂಡ ತಿಳಿಯದಂಥ ಸಾವು ಅದು. ಆ ಕಾಡುಕುರಿಯನ್ನು ನೋಡುತ್ತಾ ನಿಂತಾಗ ಮರುಭೂಮಿಯ ಆ ದಿನ ನನಗೆ ಅರ್ಥವಾಯಿತು.

ಇಂದು ಆಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಮನುಷ್ಯ ಮತ್ತು ಕಾಡುಪ್ರಾಣಿಗಳ ನಡುವಿನ ನೋವು ಬೇಟೆಯಿಂದ ಬಂದುದಲ್ಲ. ತೋಟಕ್ಕೆ ಹೋದವರು ಆನೆಯ ತುಳಿತಕ್ಕೆ ಸಿಕ್ಕಿ ಮನೆಗೆ ಮರಳದಿರುವುದನ್ನು ನಮ್ಮ ಧರ್ಮಕೇಂದ್ರಗಳ ಕುಟುಂಬಗಳು ಬಲ್ಲವು. ಹಲವು ಆನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸಿದರೂ ತೊಂದರೆ ತೀರಲಿಲ್ಲ. ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತ ಅರ್ಜುನನೆಂಬ ಆನೆ 2023ರ ಡಿಸೆಂಬರ್ 4ರಂದು ನಮ್ಮ ತಾಲ್ಲೂಕಿನ ಯಸಳೂರಿನ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಪ್ರಾಣಬಿಟ್ಟಿತು. ಕಾಡು ಕಡಿದು ತೋಟ ಮಾಡಿದ್ದು, ಅಣೆಕಟ್ಟು, ರಸ್ತೆ, ರೈಲುದಾರಿ, ವಿದ್ಯುತ್ ಯೋಜನೆಗಳನ್ನು ಮಾಡಿದ್ದು ಹಲವು ತಲೆಮಾರುಗಳ ಹ��ಂದೆ ಬಿಟ್ಟ ಬಾಣಗಳು. ಬಿಟ್ಟವರು ಈಗಿಲ್ಲ. ಅವು ಎಲ್ಲಿ ಬಿದ್ದವೆಂದು ಹುಡುಕಿಕೊಂಡು ಹೋಗಬೇಕಾದವರು ಮಾತ್ರ ನಾವೇ. ಯಾರ ತಪ್ಪೆಂದು ಬೆರಳು ತೋರಿಸುವುದು ಸುಲಭ. ಜಾಡು ಹಿಡಿದು ನಡೆಯುವುದು ಕಷ್ಟ.

ಆದಿಕಾಂಡದ 9ನೆಯ ಅಧ್ಯಾಯವನ್ನು ಈಗ ಬೇರೆ ಕಣ್ಣಿನಿಂದ ಓದುತ್ತೇನೆ. ಜಲಪ್ರಳಯದ ಬಳಿಕ ದೇವರು ನೋವನ ಮನೆಯವರಿಗೆ ಮಾಂಸವನ್ನು ತಿನ್ನಲು ಅನುಮತಿಯಿತ್ತರು; ರಕ್ತವನ್ನು ತಿನ್ನಬಾರದೆಂಬ ಮಿತಿಯಿಟ್ಟರು; ಮನುಷ್ಯನ ಪ್ರತಿಯೊಂದು ಜೀವಕ್ಕೂ ಲೆಕ್ಕ ಕೇಳುವೆನೆಂದರು. ಅನಂತರ ಮೋಡಗಳಲ್ಲಿ ಬಿಲ್ಲನ್ನು ಇಟ್ಟು, ಮನುಷ್ಯರೊಂದಿಗೆ ಮಾತ್ರವಲ್ಲದೆ ಭೂಮಿಯ ಎಲ್ಲ ಜೀವಿಗಳೊಂದಿಗೂ ಒಡಂಬಡಿಕೆ ಮಾಡಿಕೊಂಡರು. ಹೀಬ್ರೂ ಭಾಷೆಯಲ್ಲಿ ಯುದ್ಧದ ಬಿಲ್ಲಿಗೂ ಮೋಡದ ಬಿಲ್ಲಿಗೂ ಒಂದೇ ಪದ. ನಮ್ಮ ಕನ್ನಡವೂ ಹಾಗೆಯೇ ಮಳೆಬಿಲ್ಲು ಎಂದಿದೆ. ದೇವರು ತಮ್ಮ ಬಿಲ್ಲನ್ನು ಇಳಿಸಿ ಮೋಡಕ್ಕೆ ತೂಗುಹಾಕಿದರೆಂದು ವ್ಯಾಖ್ಯಾನಕಾರರು ಹಲವರು ಹೇಳುತ್ತಾರೆ. ಸರ್ವಶಕ್ತರಾದವರೇ ಮಿತಿಯನ್ನು ತಮಗೆ ತಾವೇ ಹಾಕಿಕೊಂಡರೆಂದ ಮೇಲೆ ನಮಗೆ ಬೇರೆ ದಾರಿ ಯಾವುದು?

ಬಿಲ್ಲು ಹಿಡಿಯದ ನಾವೂ ದಿನವೂ ಏನಾದರೊಂದನ್ನು ಬಿಡುತ್ತಲೇ ಇರುತ್ತೇವೆ: ಆಸ್ತಿಯ ಪಾಲಿನಲ್ಲಿ ಆಡಿದ ಒಂದು ಮಾತು, ಕೆಲಸದಾಳಿಗೆ ಕಡಿತ ಮಾಡಿದ ಒಂದು ದಿನದ ಕೂಲಿ, ಹೊಳೆಗೆ ಹರಿಯಬಿಟ್ಟ ಕಾಫಿ ಪಲ್ಪಿಂಗಿನ ನೀರು. ಅವು ತಲುಪಿದ ಜಾಗಕ್ಕೆ ಹೋಗಿ ನೋಡುವುದು ಪ್ರಾಯಶ್ಚಿತ್ತದ ಮೊದಲ ಹೆಜ್ಜೆ. ದೊಡ್ಡ ಮಾತುಗಳನ್ನು ಬಿಟ್ಟು ಒಂದು ಸಣ್ಣ ಕೆಲಸದಿಂದ ತೊಡಗಬಹುದು. ಮುಂಗಾರು ಹಿಡಿಯುವ ಮೊದಲು ನಮ್ಮ ನಮ್ಮ ತೋಟದ ಬೇಲಿಯನ್ನು ಮಕ್ಕಳೊಂದಿಗೆ ಒಮ್ಮೆ ಪೂರ್ತಿ ಸುತ್ತಿ ಬರೋಣ. ತಂತಿಯ ಉರುಳು ಕಂಡರೆ, ಯಾರು ಇಟ್ಟರೆಂದು ಕೇಳದೆ, ಬಿಚ್ಚಿ ತರೋಣ.